ಅಪ್ಪನ ಜೇಡಕ್ಕೊಂದು ಹೆಸರು

ಜಾಲಹಳ್ಳಿಯ ನಮ್ಮ ಕ್ವಾರ್ಟರ್ಸಿನಲ್ಲಿ ಪೊರಕೆ ಹೋಗಬಾರದ ಮೂರು ಜಾಗಗಳಿದ್ದವು. ಹಾಲ್‌ನ ಕಿಟಕಿಯ ಮೇಲಿನ ಮೂಲೆ, ಬಚ್ಚಲ ಬಾಗಿಲ ಹಿಂಭಾಗ, ಆಮೇಲೆ ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ತಂತಿಗೂ ದಾಸವಾಳದ ಗಿಡಕ್ಕೂ ನಡುವಿನ ಸಂದು. ಮೂಲೆಯಲ್ಲಿ ಕೂದಲೆಳೆಯಂಥ ಕಾಲುಗಳ ಜೇಡಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಬಾಗಿಲ ಹಿಂದೆ ಅಂಗೈಯಗಲದ ಚಪ್ಪಟೆ ಜೇಡವೊಂದು ಗೋಡೆಗೆ ಅಂಟಿಕೊಂಡಿರುತ್ತಿತ್ತು; ಸ್ನಾನಕ್ಕೆ ಹೋದವರು ಬಾಗಿಲನ್ನು ಪೂರ್ತಿ ತೆರೆಯುವಂತಿರಲಿಲ್ಲ, ಅದು ಸಿಕ್ಕಿಕೊಂಡು ನಜ್ಜುಗುಜ್ಜಾದೀತು ಎಂದು. ದಾಸವಾಳದ್ದು ತನ್ನ ಬಲೆಯ ನಡುವೆ ಬಿಳಿ ದಾರದಲ್ಲಿ ಗುಣಾಕಾರದ ಗುರುತು ಹಾಕಿಕೊಂಡು, ಅದರ ಮೇಲೆಯೇ ಕಾಲು ಚಾಚಿ ಕೂರುತ್ತಿತ್ತು. ಅಮ್ಮ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಅದರ ಕೆಳಗೆ ಬಗ್ಗಿ ಹೋಗಿ ಬಗ್ಗಿ ಬರಬೇಕಿತ್ತು. ಸುತ್ತಮುತ್ತಲ ಮನೆಗಳಲ್ಲಿ ಹಬ್ಬದ ಮುಂಚೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಜೇಡರ ಬಲೆ ಹೊಡೆಯುತ್ತಿದ್ದರು. ನಮ್ಮ ಮನೆಯಲ್ಲಿ ಅಮ್ಮ ಕೋಲೆತ್ತಿದರೆ ಸಾಕು, ಅಪ್ಪ ಕುರ್ಚಿಯಿಂದ ಏಳುತ್ತಿದ್ದರು.

“ಆ ಮೂಲೆ ಬಿಡೇ.”

“ಆ ಮೂಲೆ ಬಿಟ್ಟು ಈ ಮೂಲೆ ಹೊಡೆದ್ರೆ ಮನೆ ಕ್ಲೀನ್ ಆಗುತ್ತಾ?”

“ಅದ್ರಲ್ಲಿ ಮೊಟ್ಟೆ ಇದೆ ಕಣೇ.”

“ಎಲ್ಲರ ಮನೇಲೂ ಮೊಟ್ಟೆ ಇರುತ್ತೆ ಕಣ್ರೀ. ಹೊಡೀತಾರೆ, ಆಮೇಲೆ ಕೈ ತೊಳ್ಕೊತಾರೆ.”

ಅಪ್ಪ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದರು. ಬೇರೆಯವರು ಕಡೆದು ಕಳಿಸಿದ ಸಣ್ಣ ಸಣ್ಣ ಬಿಡಿಭಾಗಗಳನ್ನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡುವುದು, ಅಳೆಯುವುದು, ಪಾಸ್ ಅಥವಾ ರಿಜೆಕ್ಟ್ ಎಂದು ಹೇಳುವುದು ಅವರ ಕೆಲಸ. ನನಗೆ ಬುದ್ಧಿ ತಿಳಿಯುವ ವೇಳೆಗೆ ಕಾರ್ಖಾನೆಗೆ ಆರ್ಡರುಗಳು ಬರುವುದು ನಿಂತೇಹೋಗುವಂತಾಗಿತ್ತು. ಸೈರನ್ ಮಾತ್ರ ತಪ್ಪದೆ ಕೂಗುತ್ತಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಊಟದ ಡಬ್ಬಿ ಹಿಡಿದು ಹೋಗಿ, ಅಳೆಯಲು ಏನೂ ಇಲ್ಲದ ಮೇಜಿನ ಮುಂದೆ ಸಂಜೆಯವರೆಗೆ ಕೂತು ಬರುತ್ತಿದ್ದರು. ಜೊತೆಯವರು ಇಸ್ಪೀಟಾಡಿದರು, ಕೆಲವರು ಚೀಟಿ ವ್ಯವಹಾರ ಶುರುಮಾಡಿದರು. ಅಪ್ಪನಿಗೆ ಎರಡೂ ಒಗ್ಗಲಿಲ್ಲ. ಮನೆಗೆ ಬಂದವರು ಅಮ್ಮ ಹೆಚ್ಚಿಟ್ಟ ಹುರುಳಿಕಾಯಿಯ ತುಂಡುಗಳು ಒಂದೇ ಸಮ ಇಲ್ಲ ಎಂದು ಗೊಣಗುತ್ತಿದ್ದರು. ನನ್ನ ಜಡೆ ವಾರೆಯಾಗಿದೆ ಎಂದು ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ಹೀಗಿರುವಾಗ ಒಂದು ದಿನ ಕಾರ್ಖಾನೆಯ ಹಿಂದಿನ ಕಾಲುದಾರಿಯಲ್ಲಿ, ಮಳೆಗೆ ಕೊರೆದುಹೋದ ಮಣ್ಣಿನ ದಿಬ್ಬದಲ್ಲಿ, ಬಾಯಿಗೆ ನೂಲು ಸುತ್ತಿಕೊಂಡ ಬಿಲವೊಂದು ಅವರ ಕಣ್ಣಿಗೆ ಬಿತ್ತು. ಕೆಲವು ವಾರ ಅದನ್ನು ನೋಡಿ ನೋಡಿ ಬಂದರು. ಕಡೆಗೊಂದು ಸಂಜೆ ಖಾಲಿ ಉಪ್ಪಿನಕಾಯಿ ಬಾಟಲಿಯಲ್ಲಿ ಹುಣಿಸೆಬೀಜದಷ್ಟು ಮೈಯ, ಕಂದುಬಣ್ಣದ, ಮೈತುಂಬ ರೋಮದ ಜೇಡದ ಮರಿಯನ್ನು ತಂದು ಹಾಲ್‌ನಲ್ಲಿ ಟಿವಿಯ ಪಕ್ಕ ಇಟ್ಟರು. ಅಮ್ಮ ಅದನ್ನು ನೋಡಿದವಳೇ, ಬಾಟಲಿಯಲ್ಲಿದ್ದ ಉಪ್ಪಿನಕಾಯಿ ಎಲ್ಲಿ ಹೋಯಿತು ಎಂದು ಕೇಳಿದಳು.

ಆ ಮರಿ ಯಾವುದು ಎಂಬುದೇ ನಮ್ಮ ಮನೆಯ ನಾಲ್ಕು ವರ್ಷದ ಪ್ರಶ್ನೆಯಾಯಿತು. ಅದು ರೋಮದ ದೊಡ್ಡ ಜೇಡಗಳ ಟ್ಯಾರಂಟುಲಾ ಗುಂಪಿನದು ಎಂದು ಅಪ್ಪನಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು. ಆದರೆ ಗುಂಪು ಗೊತ್ತಾದರೆ ಅಪ್ಪನಿಗೆ ಸಾಲದು. ಆ ಗುಂಪಿನಲ್ಲಿ ಇದು ಇಂಥದ್ದೇ ಎಂದು ಗೊತ್ತಾಗಬೇಕು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಿಂದ ಜೇಡಗಳ ಬಣ್ಣದ ಚಿತ್ರಗಳಿದ್ದ ಇಂಗ್ಲಿಷ್ ಪುಸ್ತಕ ತಂದರು. ಅದರಲ್ಲಿದ್ದವೆಲ್ಲ ಬೇರೆ ದೇಶದವು. ಪ್ರತಿ ಪುಟದಲ್ಲೂ ನಮ್ಮದರಂತೆಯೇ ಇರುವುದೊಂದು, ಪ್ರತಿ ಪುಟದಲ್ಲೂ ಎಲ್ಲೋ ಒಂದು ಕಡೆ ವ್ಯತ್ಯಾಸ. ಅಪ್ಪ ಮಸೂರ ಹಾಕಿಕೊಂಡು ಬಾಟಲಿ ನೋಡುವರು, ಪುಸ್ತಕ ನೋಡುವರು, ಪುಸ್ತಕವನ್ನು ಫಟ್ಟನೆ ಮುಚ್ಚುವರು. ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಏನು ಕಂಡಿತು ಎಂದು ಕೇಳುವರು. ಕಾಲ ಮೇಲೆ ಪಟ್ಟೆ ಇದೆ ಎಂದರೆ, ಎಷ್ಟನೇ ಕಾಲು, ಎಷ್ಟನೇ ಗಂಟಿನ ಹತ್ತಿರ ಎನ್ನುವರು. ನಾನು ಊಹಿಸಿ ಹೇಳಿದರೆ ತಕ್ಷಣ ಗೊತ್ತಾಗಿಬಿಡುತ್ತಿತ್ತು.

“ಕಂಡಿದ್ದು ಹೇಳು ವಸು. ಇರಬಹುದು ಅನ್ನಿಸಿದ್ದು ನಂಗೆ ಬೇಡ.”

“ಕಾಣಿಸ್ತಿಲ್ಲಪ್ಪ.”

“ಕಾಣಿಸ್ತಿಲ್ಲ ಅಂತಾನೇ ಹೇಳು. ಅದೂ ಉತ್ತರಾನೇ.”

ನನಗೆ ಅಳು ಬರುವಷ್ಟು ಕೋಪ ಬರುತ್ತಿತ್ತು. ಹೊರಗೆ ಹುಡುಗಿಯರು ಕುಂಟೆಬಿಲ್ಲೆ ಆಡುವ ಸದ್ದು ಕೇಳಿಸುತ್ತಿರುತ್ತಿತ್ತು. ನಾನು ಒಂದು ಕಣ್ಣು ಮುಚ್ಚಿ ಕೂತು ರೋಮದ ಕಾಲಿನ ಗಂಟು ಎಣಿಸುತ್ತಿದ್ದೆ.

ಅಮ್ಮನ ಕಷ್ಟ ಬೇರೆ ಥರದ್ದು. ಜೇಡ ಬಂದ ಮೇಲೆ ಮನೆಯಲ್ಲಿ ಯಾವ ಔಷಧಿಯನ್ನೂ ಹೊಡೆಯುವಂತಿರಲಿಲ್ಲ. ವಿಷ ತಿಂದ ಜಿರಳೆಯನ್ನು ಜೇಡ ತಿಂದರೆ ಜೇಡವೂ ಸಾಯುತ್ತದೆ. ಹಾಗಾಗಿ ಜಿರಳೆಗೆ ಗೆರೆ ಎಳೆಯುವ ಸೀಮೆಸುಣ್ಣ ಬೇಡ, ಸ್ಪ್ರೇ ಬೇಡ, ಸೊಳ್ಳೆಬತ್ತಿಯೂ ಬೇಡ. ಬಚ್ಚಲ ಮೋರಿಯಿಂದ ಜಿರಳೆಗಳು ಧೈರ್ಯವಾಗಿ ಅಡುಗೆಮನೆಗೆ ಬಂದು ಹೋಗತೊಡಗಿದವು. ಅಮ್ಮ ದೋಸೆಹಿಟ್ಟಿನ ಪಾತ್ರೆಗೆ ಬಟ್ಟೆ ಕಟ್ಟಿ, ಅದರ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕಲ್ಲುಗುಂಡು ಹೇರಿ ಮಲಗುತ್ತಿದ್ದಳು. ಜಿರಳೆ ಹಿಡಿಯುವುದು ನನ್ನ ಪಾಲಿಗೆ ಬಂದಿತ್ತು. ಹಿಡಿದದ್ದನ್ನು ಹಾಕಿದರೆ ಆ ಜೇಡ ಒಂದೊಂದು ಸಲ ಕಣ್ಣು ಮಿಟುಕಿಸುವುದರೊಳಗೆ ಎಗರಿ ಹಿಡಿಯುತ್ತಿತ್ತು. ಒಂದೊಂದು ಸಲ ತಿಂಗಳುಗಟ್ಟಲೆ ಏನನ್ನೂ ಮುಟ್ಟದೆ ಮಣ್ಣಿನೊಳಗೆ ಹೊಕ್ಕು ಕೂರುತ್ತಿತ್ತು. ಹಾಗೆ ಕೂತಾಗ ಅಪ್ಪ ಊಟದಲ್ಲಿ ಮೊಸರನ್ನಕ್ಕೆ ಬರುವ ಮುಂಚೆಯೇ ಎದ್ದುಬಿಡುತ್ತಿದ್ದರು. ಮೊದಲನೆಯ ಸಲ ಅದು ಅಂಗಾತ ಬಿದ್ದು ಕಾಲು ಮೇಲೆ ಮಾಡಿದ್ದನ್ನು ಕಂಡವಳು ಅಮ್ಮ. “ಹೋಯ್ತು” ಎಂದು, ಕರೆಂಟು ಬಂದಾಗ “ಬಂತು” ಎನ್ನುವ ದನಿಯಲ್ಲಿ ಹೇಳಿದಳು. ಮರುದಿನ ನೋಡಿದರೆ ಹಳೆಯ ಪೊರೆಯನ್ನು ಉಡುಪಿನಂತೆ ಕಳಚಿಟ್ಟು, ಮುಂಚಿಗಿಂತ ದೊಡ್ಡದಾಗಿ, ಪಕ್ಕದಲ್ಲೇ ಕೂತಿತ್ತು. ಅಮ್ಮ ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದಳು. ಉಪ್ಪಿನಕಾಯಿ ಬಾಟಲಿ ಹೋಗಿ ಗಾಜಿನ ತೊಟ್ಟಿ ಬಂತು. ಅದಕ್ಕೆ ಟಿವಿಗಿಂತ ಒಳ್ಳೆಯ ಜಾಗ ಸಿಕ್ಕಿತು. ನನ್ನ ಹುಟ್ಟಿದಹಬ್ಬಕ್ಕೆ ಬಂದ ಗೆಳತಿ ರಶ್ಮಿಯನ್ನು ಅವಳ ತಾಯಿ ಕೇಕು ಕತ್ತರಿಸುವ ಮುಂಚೆಯೇ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಆಮೇಲೆ ನಾನು ಯಾರನ್ನೂ ಕರೆಯಲಿಲ್ಲ.

ಜಾಲಹಳ್ಳಿ ಕ್ರಾಸಿನ ಸೈಬರ್ ಸೆಂಟರಿನಲ್ಲಿ ಹುಡುಕಿ ಹುಡುಕಿ ಅಪ್ಪ ಕಡೆಗೂ ಒಬ್ಬರನ್ನು ಪತ್ತೆಮಾಡಿದರು. ಮೈಸೂರಿನ ಕಡೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರು. ಜೇಡಗಳನ್ನು ಗುರುತಿಸುವುದೇ ಅವರ ಅಧ್ಯಯನ. ಅಪ್ಪ ಫೋನಿನಲ್ಲಿ ಅವರಿಗೆ ಕಾಲಿನ ಪಟ್ಟೆಗಳನ್ನೆಲ್ಲ ಒಪ್ಪಿಸಿದರು. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, ಅವುಗಳಿಂದ ಏನೂ ಹೇಳಲಾಗದು ಎಂದರು. ಕಳಚಿದ ಪೊರೆಯೊಂದನ್ನು ತರಿಸಿಕೊಂಡು ನೋಡಿ, ಇದು ಗಂಡು, ಇನ್ನೂ ಪ್ರಾಯಕ್ಕೆ ಬಂದಿಲ್ಲ ಎಂದರು. ಬಾಯಿಯ ಪಕ್ಕ ಎರಡು ಗಿಡ್ಡ ಕಾಲುಗಳಿರುತ್ತವೆ, ಅಪ್ಪ ಅವನ್ನು ಕೈ ಎನ್ನುತ್ತಿದ್ದರು. ಗಂಡು ಪ್ರಾಯಕ್ಕೆ ಬಂದಾಗ ಆ ಕೈಗಳ ತುದಿ ಉಬ್ಬಿಕೊಳ್ಳುತ್ತದೆ, ಒಳಗೆ ಮುಳ್ಳಿನಂಥ ಸಣ್ಣ ಕೊಂಡಿ ಮೂಡುತ್ತದೆ. ಒಂದೊಂದು ಜಾತಿಗೆ ಅದರ ಆಕಾರ ಬೇರೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಹೆಸರು.

“ದೊಡ್ಡದಾದ್ಮೇಲೆ ಕೆಡದ ಹಾಗೆ ಸ್ಪಿರಿಟ್‌ನಲ್ಲಿ ಹಾಕಿ ಕಳಿಸಿ ಸಾರ್,” ಎಂದರಂತೆ ಮೇಷ್ಟ್ರು.

“ಜೀವ ಇರೋದನ್ನಾ?” ಎಂದು ಅಪ್ಪ ಕೇಳಿದ್ದು ನನಗೆ ಅಡುಗೆಮನೆಗೆ ಕೇಳಿಸಿತು. ಆಮೇಲೆ, “ಅದಾಗೇ ಹೋದ್ಮೇಲೆ ಕಳಿಸ್ತೀನಿ ಸಾರ್. ಕಾಯ್ತೀನಿ,” ಎಂದು ಫೋನಿಟ್ಟರು.

ಹೀಗೆ ನಮ್ಮ ಮನೆಯಲ್ಲಿ ಒಂದು ಪ್ರಾಣಿಯ ಸಾವಿಗಾಗಿ, ಅದು ಚೆನ್ನಾಗಿ ಬದುಕಲೆಂದು ಜಿರಳೆ ಹಿಡಿದು ಹಾಕುತ್ತ ಕಾಯುವುದು ಶುರುವಾಯಿತು. ಅಮ್ಮನಿಗೆ ಇದು ತಲೆಬುಡ ಅರ್ಥವಾಗಲಿಲ್ಲ.

“ಹೆಸರು ಗೊತ್ತಾದ್ರೆ ಏನ್ ಮಾಡ್ತೀರ? ಕರೆದ್ರೆ ಬರುತ್ತಾ?”

“ಸುಮ್ನೆ ಮನೇಲಿ ಏನೋ ಒಂದು ಇದೆ ಅಂತ ಇಟ್ಕೊಳಕ್ಕಾಗುತ್ತಾ?”

“ಅದನ್ನೇ ನಾನೂ ಕೇಳ್ತಿರೋದು.”

ಕೊನೆಗೊಂದು ಬೇಸಿಗೆಯ ಕಡೆಯಲ್ಲಿ ಅದು ಪೊರೆ ಬಿಟ್ಟಾಗ ಕೈಗಳ ತುದಿ ಉಬ್ಬಿತ್ತು, ಪುಟ್ಟ ಗವಸು ತೊಟ್ಟಂತೆ. ಅಪ್ಪ ನನ್ನನ್ನು ಕರೆದು ಮಸೂರ ಕೊಟ್ಟರು. ಅವರ ಮುಖ ಅಷ್ಟು ಹಗುರವಾಗಿದ್ದದ್ದನ್ನು ನಾನು ಅದೇ ಮೊದಲು ಕಂಡದ್ದು. ಪ್ರಾಯಕ್ಕೆ ಬಂದ ಗಂಡು ಬಹಳ ದಿನ ಬದುಕುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರು; ಅಲ್ಲಿಂದ ಮುಂದೆ ಜೇಡ ತಿನ್ನುವುದನ್ನು ಬಿಟ್ಟಿತು. ಗಾಜಿನ ಉದ್ದಕ್ಕೂ ಹೊರಹೋಗುವ ದಾರಿ ಹುಡುಕುತ್ತ ಅಲೆಯುತ್ತಿತ್ತು, ಹೊಟ್ಟೆ ಬತ್ತುತ್ತ ಬಂತು. ಸ್ಪಿರಿಟ್ ತಂದಿಟ್ಟುಕೊಳ್ಳಿ ಎಂದು ಅಮ್ಮನೇ ಎರಡು ಮೂರು ಸಲ ಹೇಳಿದಳು. ಅಪ್ಪ ಮೆಡಿಕಲ್ ಸ್ಟೋರಿನವರೆಗೆ ಹೋಗಿ ಬೇರೇನೋ ಕೊಂಡು ಬಂದರು. “ಅದು ಓಡಾಡ್ತಿರೋವಾಗ್ಲೇ ತಂದಿಡೋದು ಹೆಂಗೇ?” ಎಂದರು.

ಆ ವರ್ಷದ ನವರಾತ್ರಿಗೆ ಅಮ್ಮ ಹಾಲ್‌ ಬೇಕೇ ಬೇಕು ಎಂದಳು. ಮದುವೆಯಲ್ಲಿ ತವರಿನಿಂದ ತಂದ ಪಟ್ಟದ ಬೊಂಬೆಗಳನ್ನು, ಜೇಡ ಬಂದ ಮೇಲೆ ಅವಳು ಮಲಗುವ ಕೋಣೆಯ ಟ್ರಂಕಿನ ಮೇಲೆ ಕೂರಿಸುತ್ತಿದ್ದಳು. ಹಿಂದಿನ ವರ್ಷ ಅವಳ ಅಕ್ಕ, ನನ್ನ ದೊಡ್ಡಮ್ಮ, ಅರಿಶಿನ ಕುಂಕುಮಕ್ಕೆ ಬಂದವರು, “ಏನೇ, ರಾಜ ರಾಣೀನ ಹಾಸಿಗೆ ಪಕ್ಕ ಕೂರಿಸಿ, ಆ ಪೀಡೇನ ಹಾಲ್‌ನಲ್ಲಿ ಕೂರಿಸಿದೀರ?” ಎಂದು ಎಲ್ಲರೆದುರು ನಕ್ಕಿದ್ದರು. ಈ ಸಲ ಅಪ್ಪ ವಾದಿಸಲಿಲ್ಲ. ತಾವೇ ಗಾಜಿನ ತೊಟ್ಟಿಯನ್ನು ಎತ್ತಿಕೊಂಡು ಹೋಗಿ ಹಿಂದಿನ ವರಾಂಡದ ಕಟ್ಟೆಯ ಮೇಲಿಟ್ಟರು. ಅಮ್ಮ ಹಾಲ್‌ನಲ್ಲಿ ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಬೊಂಬೆಗಳನ್ನು ಜೋಡಿಸಿದಳು. ಬೊಂಬೆ ನೋಡಲು ಬರುವ ಮಕ್ಕಳಿಗೆ ಕೊಡಲು ಮಾಡಿದ ಕೊಬ್ಬರಿ ಮಿಠಾಯಿ, ರವೆ ಉಂಡೆ, ಕೋಡುಬಳೆಗಳ ಡಬ್ಬಗಳಿಗೆ ಅಡುಗೆಮನೆಯಲ್ಲಿ ಜಾಗ ಸಾಲದೆ ಅವೂ ವರಾಂಡದ ಅದೇ ಕಟ್ಟೆಗೆ ಹೋದವು.

ಆಯುಧಪೂಜೆಯ ದಿನ ಅಪ್ಪ ಬೆಳಿಗ್ಗೆಯೇ ಕಾರ್ಖಾನೆಗೆ ಹೋದರು. ನಿಂತ ಯಂತ್ರಗಳಿಗೂ ಅಲ್ಲಿ ಹೂವು ಮುಡಿಸಿ ಪೂಜೆ ಮಾಡುತ್ತಿದ್ದರು. ಅಮ್ಮ ರೇಷ್ಮೆ ಸೀರೆಯುಟ್ಟು, ನೈವೇದ್ಯಕ್ಕೆ ಉಂಡೆಯ ಡಬ್ಬ ತರಲು ವರಾಂಡಕ್ಕೆ ಹೋದಳು. ನಾನು ಹಿಂದೆಯೇ ಇದ್ದೆ. ಡಬ್ಬದ ಮುಚ್ಚಳದಿಂದ ಶುರುವಾದ ಕೆಂಪಿರುವೆಯ ಸಾಲು ಕಟ್ಟೆಯ ಮೇಲೆ ಹರಿದು, ಗಾಜು ಹತ್ತಿ, ಜಾಲರಿಯ ಮುಚ್ಚಳದೊಳಗೆ ಇಳಿದಿತ್ತು. ಜೇಡ ಕಾಲುಗಳನ್ನು ಒಳಕ್ಕೆ ಮಡಚಿಕೊಂಡು ಮುದುರಿತ್ತು. ಸತ್ತಿತ್ತು. ಅದರ ಬೆನ್ನು ಕಾಣಿಸದಷ್ಟು ಇರುವೆ.

“ವಸು, ನಿಮ್ಮಪ್ಪಂದು ಹೋಯ್ತು ಕಣೇ,” ಎಂದಳು ಅಮ್ಮ. ಆಮೇಲೆ ಬಗ್ಗಿ ನೋಡಿ, “ಅಯ್ಯೋ, ಕೈ! ಕೈ ತಿಂತಿವೆ!” ಎಂದು ಕೂಗಿದಳು.

ಆ ನಾಲ್ಕು ವರ್ಷದಲ್ಲಿ ಅವಳು ಆ ತೊಟ್ಟಿಯ ಗಾಜನ್ನೂ ಮುಟ್ಟಿರಲಿಲ್ಲ. ಈಗ ಜಾಲರಿ ಕಿತ್ತೆಸೆದು, ಬಳೆ ಹಾಕಿದ ಕೈಯನ್ನು ಒಳಗೆ ಹಾಕಿ, ಜೇಡವನ್ನು ಬೆರಳುಗಳಲ್ಲಿ ಹಿಡಿದೆತ್ತಿದಳು. ಇರುವೆಗಳು ಅವಳ ಮೊಣಕೈವರೆಗೆ ಹತ್ತಿದವು. ಅವಳು ಅವನ್ನು ಕೊಡವಿಕೊಳ್ಳದೆ ಜೇಡದ ಮೇಲಿನವನ್ನು ಊದುತ್ತ, ಉಗುರಿನಿಂದ ಒಂದೊಂದಾಗಿ ತೆಗೆಯುತ್ತ, ಬರಿಗಾಲಿನಲ್ಲಿ ಎರಡು ಮನೆ ಆಚೆಗೆ ನಡೆದಳು. ಅಲ್ಲಿ ಕಾರ್ಖಾನೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮೇರಿ ಆಂಟಿಯ ಮನೆ.

“ಸ್ಪಿರಿಟ್ ಇದ್ಯಾ ಮೇರಿ?”

“ಯಾರಿಗೇನಾಯ್ತು ಅಕ್ಕಾ?”

“ಯಾರಿಗೂ ಏನಿಲ್ಲ. ಜೇಡಕ್ಕೆ.”

ಮೇರಿ ಆಂಟಿ ಅಮ್ಮನ ಕೈಯನ್ನೂ ಕೈಯಲ್ಲಿದ್ದದ್ದನ್ನೂ ನೋಡಿ, ಸ್ಪಿರಿಟ್ ತುಂಬಿದ ಅಗಲಬಾಯಿಯ ಬಾಟಲಿ ತಂದರು. ಅಮ್ಮ ಅದನ್ನು ಮುಳುಗಿಸಿ ಮುಚ್ಚಳ ತಿರುಗಿಸುವಾಗ ನಾನು ನೋಡಿದೆ. ಜೇಡದ ಒಂದು ಕೈ ಬುಡದಿಂದಲೇ ಇರಲಿಲ್ಲ. ಇನ್ನೊಂದು ಇತ್ತು.

ಅಪ್ಪ ಹಣೆಗೆ ಕುಂಕುಮ ಇಟ್ಟುಕೊಂಡು, ಕಡ್ಲೆಪುರಿಯ ಪೊಟ್ಟಣ ಹಿಡಿದು ಮಧ್ಯಾಹ್ನ ಬಂದರು. ಅಮ್ಮ ಹಾಲ್‌ನಲ್ಲಿ ಬೊಂಬೆಗಳ ಮುಂದೆ ಕೂತಿದ್ದಳು. ಅವಳ ಬಲಗೈ ಬೆರಳಿನಿಂದ ಮೊಣಕೈವರೆಗೆ ಊದಿಕೊಂಡು ಕೆಂಪಗಾಗಿತ್ತು, ಬಳೆಗಳು ಮಾಂಸದೊಳಗೆ ಹೂತಿದ್ದವು. ನಾನೇ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಅಲ್ಲೇ ನಿಂತು ಕೇಳಿದರು.

“ಕೈ ಹೆಂಗಿದೆ?”

ಅಮ್ಮ ತನ್ನ ಕೈಯನ್ನು ಮುಂದೆ ಚಾಚಿದಳು. ಅಪ್ಪ ಅದನ್ನು ದಾಟಿ ಹೋಗಿ, ಮೇಜಿನ ಮೇಲಿದ್ದ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. “ಒಂದೇ ಇದೆಯಲ್ಲ,” ಎಂದರು. ಅಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ದೀಪಾವಳಿ ಬರುವವರೆಗೆ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕರೆಯುವುದಿದ್ದರೂ ನನ್ನನ್ನು ಕಳಿಸುತ್ತಿದ್ದಳು. ತಾವು ಮಾಡಿದ್ದೇನೆಂದು ಅಪ್ಪನಿಗೆ ಹೊಳೆಯಿತೋ ಇಲ್ಲವೋ. ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಮೇಷ್ಟ್ರ ಕೈಗೇ ಕೊಟ್ಟು ಬಂದರು.

ಉತ್ತರ ಬರುವ ಹೊತ್ತಿಗೆ ಮಾವಿನಮರಗಳು ಹೂ ಬಿಟ್ಟಿದ್ದವು. ಮೇಷ್ಟ್ರ ಫೋನ್ ಬಂದಾಗ ಅಪ್ಪ ಡ್ಯೂಟಿಯಲ್ಲಿದ್ದರು, ಅಮ್ಮ ಎತ್ತಿಕೊಂಡಳು. ನಾನು ಪಕ್ಕದಲ್ಲೇ ಹೋಂವರ್ಕ್ ಮಾಡುತ್ತಿದ್ದೆ. ನನಗೆ ಕೇಳಿಸಿದ್ದು ಅವಳ ಮಾತು ಮಾತ್ರ.

“ಅವರಿಲ್ಲ ಸಾರ್. ನನ್ ಹತ್ರಾನೇ ಹೇಳಿ… ಹೇಳಕ್ಕಾಗಲ್ಲ ಅಂದ್ರೆ?… ಒಂದ್ ಕೈ ಇತ್ತಲ್ಲ ಸಾರ್, ನಾನೇ ಎತ್ತಿದ್ದು… ಕೊಂಡಿ ಮುರಿದಿದ್ಯಾ?” ಅವಳು ಕುರ್ಚಿಯ ಮೇಲೆ ಕೂತಳು. “ಇರುವೆ ಮುರಿದಿದ್ದಾ ಸಾರ್, ಇಲ್ಲ ನಾನ್ ಹಿಡ್ದಾಗ ಮುರೀತಾ?… ಅದೂ ಹೇಳಕ್ಕಾಗಲ್ವಾ?… ಗುಂಪಿನ ಹೆಸರು ಯಾರಿಗೆ ಬೇಕು ಸಾರ್, ಅದು ಅವರಿಗೆ ಮೊದಲಿಂದ ಗೊತ್ತು. ಅಂದಾಜಿನ ಮೇಲಾದ್ರೂ ಒಂದು ಹೇಳಿ, ನಾನು ಅವರಿಗೆ ಹೇಳ್ತೀನಿ… ನಾಲ್ಕು ವರ್ಷ ನನ್ ಮನೇಲಿತ್ತು ಸಾರ್!”

ಸಂಜೆ ಅಪ್ಪ ಕಾಫಿ ಕುಡಿದು ಮುಗಿಸುವವರೆಗೆ ಕಾದು, ಅಮ್ಮ ಒಂದನ್ನೂ ಬಿಡದೆ ಹೇಳಿದಳು. ತನ್ನ ಬೆರಳಿನಿಂದಲೇ ಮುರಿದಿರಬಹುದು ಎಂಬುದನ್ನೂ ಹೇಳಿದಳು. ಅಪ್ಪ ಕೂಗಾಡುತ್ತಾರೆಂದು ನಾನು ಪುಸ್ತಕ ಮಡಚಿ ಕೂತಿದ್ದೆ. ಅವರು ಖಾಲಿ ಲೋಟವನ್ನು ನೋಡುತ್ತ, “ಹೌದಾ,” ಎಂದರು.

“ಹೌದಾ ಅಂದ್ರೆ? ಏನಾದ್ರೂ ಅನ್ರೀ!”

“ಏನನ್ಲಿ? ಅವ್ರು ಸರಿಯಾಗೇ ಹೇಳಿದಾರೆ. ಪೂರ್ತಿ ಪೀಸ್ ಇಲ್ದೆ ಪಾಸ್ ಮಾಡಕ್ಕಾಗಲ್ಲ. ನಾನಾಗಿದ್ರೂ ಅದನ್ನೇ ಬರೀತಿದ್ದೆ.” ಲೋಟವನ್ನು ಕೆಳಗಿಟ್ಟರು. ಆಮೇಲೆ ಕೇಳಿದರು: “ಅವತ್ತು ನಿನ್ ಕೈ ತುಂಬಾ ಊದಿತ್ತಾ?”

“ಈಗ ಕೇಳ್ತಿದೀರ,” ಎಂದು ಅಮ್ಮ ಲೋಟ ಎತ್ತಿಕೊಂಡು ಒಳಗೆ ಹೋದಳು. ಪಾತ್ರೆಗಳ ಸದ್ದಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ಹೇಳಿದಳು: “ಇನ್ನೊಂದು ತನ್ನಿ. ಈ ಸಲ ಸ್ಪಿರಿಟ್ ನಾನೇ ತಂದಿಡ್ತೀನಿ.”

ಇನ್ನೊಂದು ಸಿಗಲಿಲ್ಲ. ಮುಂದಿನ ಮಳೆಗಾಲಗಳಲ್ಲಿ ಅಪ್ಪನ ಜೊತೆ ನಾನೂ ಹುಡುಕಿದೆ. ಎರಡು ಸಲ ಅಮ್ಮನೂ ಬಂದಳು, ಗೊಣಗುತ್ತಲೇ. ದಿಬ್ಬಕ್ಕೆ ತಡೆಗೋಡೆ ಕಟ್ಟಿದ್ದರು. ಸಿಕ್ಕ ಒಂದೆರಡು ಬಿಲಗಳು ಖಾಲಿಯಿದ್ದವು. ಅಪ್ಪ ಕೆಲಸ ಬಿಟ್ಟರು, ಕ್ವಾರ್ಟರ್ಸೂ ಬಿಟ್ಟೆವು. ನನಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕ ಮೇಲೆ ಮೂವರೂ ಚಂದಾಪುರದ ಬಾಡಿಗೆ ಮನೆಗೆ ಬಂದೆವು. “ಸುಮಾರಾಗಿ ನೋಡಿ ಬರೆದ್ಬಿಡಿ ಮೇಡಂ, ಪೇಷಂಟ್ ಕಾಯ್ತಿದಾರೆ,” ಎಂದು ಕೌಂಟರಿನವರು ಅವಸರ ಮಾಡಿದಾಗ ನಾನು ಸ್ಲೈಡನ್ನು ಮತ್ತೊಮ್ಮೆ ಮೊದಲಿನಿಂದ ನೋಡುತ್ತೇನೆ. ನನ್ನ ಜೊತೆ ಕೆಲಸ ಮಾಡುವುದು ಕಷ್ಟ ಎಂದು ಅವರು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ.

ಮೊನ್ನೆ ಭಾನುವಾರ ಫೋನಿನಲ್ಲಿ ಜೇಡಗಳ ಫೋಟೋ ಹಾಕುವ ತಾಣವೊಂದನ್ನು ನೋಡುತ್ತಿದ್ದೆ. ಯಾರೋ ಬೆಂಗಳೂರಿನ ಹೊರವಲಯದಲ್ಲಿ ತೆಗೆದ ಚಿತ್ರ. ಅದೇ ಕಂದು, ಅದೇ ಪಟ್ಟೆಗಳು, ಕಾಲಿನ ಅದೇ ಗಂಟಿನ ಹತ್ತಿರ. ಕೆಳಗೆ ಯಾರೋ ಪೂರ್ತಿ ಹೆಸರು ಬರೆದಿದ್ದರು, ಮತ್ತಿಬ್ಬರು ಹೌದೆಂದು ಒಪ್ಪಿದ್ದರು. ಅಪ್ಪನ ಹತ್ತಿರ ಓಡಿದೆ. ಅವರು ಕನ್ನಡಕ ಹಣೆಗೇರಿಸಿ, ಚಿತ್ರವನ್ನು ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದರು.

“ಇವ್ರು ಕೈ ತುದಿ ನೋಡಿದಾರಾ?”

“ಇಲ್ಲಪ್ಪ. ಫೋಟೋ ನೋಡಿ ಹೇಳಿರೋದು.”

“ಮತ್ತೆ?” ಎಂದು ಫೋನನ್ನು ನನಗೆ ವಾಪಸು ಕೊಟ್ಟರು.

ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. “ಏನಂತೆ? ಹೆಸರು ಸಿಕ್ತಾ?”

ನಾನು ಅಪ್ಪನ ಮುಖ ನೋಡಿದೆ. ಅವರು ಕನ್ನಡಕವನ್ನು ಕೆಳಗಿಳಿಸಿಕೊಂಡರು.

“ಇಲ್ಲ ಕಣೇ,” ಎಂದರು.